ಅರ್ಜಿಯ ಭಾಷೆ, ಆಲೋಚನೆಯ ಭಾಷೆ

ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಭೌತವಿಜ್ಞಾನದ ಸಂಶೋಧನ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸುವ ಅವಧಿ ಡಿಸೆಂಬರಿನಲ್ಲಿ ಮುಗಿಯುತ್ತದೆ. ಆ ದಿನಗಳು ಸಮೀಪಿಸಿದಂತೆ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಗಳಲ್ಲಿ ಹಲವರು, ವಿಷಯದಲ್ಲಿ ಎಷ್ಟೇ ಚುರುಕಾಗಿದ್ದರೂ, ತಮ್ಮ ಇಂಗ್ಲಿಷು ಸಾಲದೆಂದು ಅಂಜಿ ಅರ್ಜಿಯನ್ನೇ ಹಾಕದೆ ಉಳಿಯುತ್ತಾರೆ. ಇನ್ನು ಕೆಲವರು ಹಣ ತೆತ್ತು ಬೇರೆಯವರಿಂದ, ಅಥವಾ ಈಚೆಗೆ ಗಣಕಯಂತ್ರದಿಂದಲೇ, ಥಳಕಿನ ವಾಕ್ಯಗಳನ್ನು ಬರೆಸಿಕೊಳ್ಳುತ್ತಾರೆ. ಈ ಎರಡು ಪಂಗಡದವರ ಎಣಿಕೆಯೂ ತಪ್ಪೆಂಬುದು ನಮ್ಮ ಅಭಿಪ್ರಾಯ.

ಇಂಗ್ಲಿಷು ಬೇಡವೆಂದು ನಾವು ಹೇಳುವುದಿಲ್ಲ. 1964ರಲ್ಲಿ ಆರಂಭವಾದ ಟೋಫೆಲ್ ಪರೀಕ್ಷೆಯಾಗಲಿ, ಐಇಎಲ್‌ಟಿಎಸ್ ಆಗಲಿ, ಓದು, ಆಲಿಕೆ, ಮಾತು, ಬರಹ ಈ ನಾಲ್ಕನ್ನೂ ಅಳೆಯುತ್ತದೆ. ಹೊರದೇಶಕ್ಕೆ ಹೋದವರು ಪಾಠ ಕೇಳಬೇಕಷ್ಟೆ ಅಲ್ಲ, ಎಷ್ಟೋ ಮಂದಿ ಕೆಳಗಿನ ತರಗತಿಗಳಿಗೆ ಪಾಠವನ್ನೂ ಹೇಳಬೇಕಾಗುತ್ತದೆ. 2008ರಲ್ಲಿ ನೊಬೆಲ್ ಬಹುಮಾನ ಪಡೆದ ಜಪಾನಿನ ತೊಶಿಹಿದೆ ಮಾಸ್ಕಾವಾ ಅವರು ಸ್ಟಾಕ್‌ಹೋಮಿನಲ್ಲಿ ತಮ್ಮ ಉಪನ್ಯಾಸವನ್ನು ಜಪಾನೀ ಭಾಷೆಯಲ್ಲಿಯೇ ಮಾಡಿದುದು ನಿಜ. ಆದರೆ ಡಾಕ್ಟರೇಟಿನವರೆಗೂ ತಾಯ್ನುಡಿಯಲ್ಲಿ ಭೌತವಿಜ್ಞಾನವನ್ನು ಕಲಿಯುವ ಅನುಕೂಲ ಅವರ ದೇಶದಲ್ಲಿತ್ತು. ನಮಗೆ ಆ ಭಾಗ್ಯವಿಲ್ಲ.

ಆದರೂ ಪರೀಕ್ಷೆಯೆಂಬುದು ಹೊಸ್ತಿಲು ಮಾತ್ರ. ಅದನ್ನು ದಾಟಿದ ಮೇಲೆ, ಅರ್ಜಿಯೊಡನೆ ಕಳುಹಿಸುವ ಒಂದೆರಡು ಪುಟಗಳ ಉದ್ದೇಶಪತ್ರವನ್ನು ಪ್ರಾಧ್ಯಾಪಕರು ಓದುತ್ತಾರೆ. ಬಾಲ್ಯದಿಂದಲೂ ನಕ್ಷತ್ರಗಳು ತನ್ನನ್ನು ಸೆಳೆದವೆಂದು ಬರೆಯುವವರಿಗೆ ಲೆಕ್ಕವಿಲ್ಲ. (ನಕ್ಷತ್ರಗಳು ಯಾರನ್ನು ತಾನೆ ಸೆಳೆದಿಲ್ಲ?) ಅದರ ಬದಲು, 1914ರಲ್ಲಿ ಫ್ರಾಂಕ್ ಮತ್ತು ಹರ್ಟ್ಸ್ ಮಾಡಿದ ಪ್ರಯೋಗವನ್ನು ತನ್ನ ಕಾಲೇಜಿನಲ್ಲಿ ಮಾಡಿ ನೋಡಿದ ವಿದ್ಯಾರ್ಥಿನಿಯೊಬ್ಬಳು ಬರೆಯಬಹುದಾದುದನ್ನು ಯೋಚಿಸಿರಿ. ಪಾದರಸದ ಆವಿಯ ಮೂಲಕ ಹರಿಯುವ ವಿದ್ಯುತ್ಪ್ರವಾಹವು ವೋಲ್ಟೇಜು ಏರಿದಂತೆ ಸುಮಾರು 4.9 ವೋಲ್ಟುಗಳಿಗೊಮ್ಮೆ ಕುಸಿಯುತ್ತದೆ. ಪರಮಾಣುವು ಶಕ್ತಿಯನ್ನು ನಿಶ್ಚಿತ ಪ್ರಮಾಣದಲ್ಲಿ ಮಾತ್ರ ಹೀರುತ್ತದೆಂಬುದಕ್ಕೆ ಇದು ಸಾಕ್ಷಿ. ಆದರೆ ಮೊದಲ ಶಿಖರವು 4.9ರಲ್ಲಿಯೇ ಬರುವುದಿಲ್ಲ, ಕೊಳವೆಯೊಳಗಿನ ಬೇರೆ ಬೇರೆ ಲೋಹಗಳ ನಡುವಣ ಸಂಪರ್ಕ ವಿಭವವು ಅದನ್ನು ಪಕ್ಕಕ್ಕೆ ಸರಿಸಿರುತ್ತದೆ. ಹಾಗಾಗಿ ಅಕ್ಕಪಕ್ಕದ ಶಿಖರಗಳ ಅಂತರವನ್ನು ಅಳೆದೆನೆಂದು ಅವಳು ನಾಲ್ಕು ಸರಳ ವಾಕ್ಯಗಳಲ್ಲಿ ಹೇಳಿದರೆ, ಅವಳು ಯೋಚಿಸಬಲ್ಲಳೆಂಬುದು ಓದುವವರಿಗೆ ತಿಳಿಯುತ್ತದೆ. ವ್ಯಾಕರಣದಲ್ಲಿ ಒಂದೆರಡು ಕಡೆ ಎಡವಿದ್ದರೂ ಚಿಂತೆಯಿಲ್ಲ.

ಇದನ್ನು ಸಾಧಿಸಲು ನಾವು ಸೂಚಿಸುವ ಮಾರ್ಗ ಕೆಲವರಿಗೆ ವಿಚಿತ್ರವೆನಿಸೀತು: ಉದ್ದೇಶಪತ್ರವನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಪಾರಿಭಾಷಿಕ ಪದಗಳು ಇಂಗ್ಲಿಷಿನವೇ ಇರಲಿ. ಇಂಗ್ಲಿಷಿನಲ್ಲಿ ಕಂಠಸ್ಥವಾದ ಪದಪುಂಜಗಳು ನಾವು ಕೇಳುವ ಮುನ್ನವೇ ಬಂದು ಕುಳಿತು, ತಿಳಿಯದುದನ್ನೂ ತಿಳಿದಂತೆ ತೋರಿಸುತ್ತವೆ. ಕನ್ನಡದಲ್ಲಿ ಅಂತಹ ಆಸರೆ ದೊರೆಯದು. "ಶಿಖರ ಏಕೆ ಸರಿಯಿತು?" ಎಂದು ತಮ್ಮನೋ ತಂಗಿಯೋ ಕೇಳಿದರೆ ಉತ್ತರ ಹೇಳಲೇಬೇಕು. ಅರಿವು ಎಲ್ಲಿ ಟೊಳ್ಳಾಗಿದೆಯೋ ಅಲ್ಲಿ ಲೇಖನಿ ತಾನಾಗಿ ನಿಲ್ಲುತ್ತದೆ. ಆಗ ಪುಸ್ತಕವನ್ನು ಮತ್ತೆ ತೆರೆದು ನೋಡಬೇಕು. ಇಂಗ್ಲಿಷಿಗೆ ತರುವುದು ಅದರ ಅನಂತರದ ಕೆಲಸ. ಕಾಗುಣಿತವನ್ನು ಯಾರಾದರೂ ತಿದ್ದಿಕೊಡಲಿ, ಯಂತ್ರವೇ ತಿದ್ದಲಿ.

ಕಡೆಯದಾಗಿ ಒಂದು ವ್ಯಾವಹಾರಿಕ ಸಂಗತಿ. ಪದವಿ ತರಗತಿಗಳಲ್ಲಿ ಬೋಧನೆ ಇಂಗ್ಲಿಷಿನಲ್ಲಿತ್ತೆಂದು ಕಾಲೇಜು ಕೊಡುವ ಪ್ರಮಾಣಪತ್ರವನ್ನು ಒಪ್ಪಿ, ಭಾಷಾಪರೀಕ್ಷೆಯಿಂದ ವಿನಾಯಿತಿ ನೀಡುವ ವಿಶ್ವವಿದ್ಯಾನಿಲಯಗಳೂ ಕೆಲವುಂಟು. ಪರೀಕ್ಷೆಯ ಶುಲ್ಕವನ್ನು ಕಟ್ಟುವ ಮೊದಲು ಆಯಾ ವಿಭಾಗಕ್ಕೆ ಒಂದು ಪತ್ರ ಬರೆದು ಕೇಳಿನೋಡುವುದು ಲೇಸು.