ತಟ್ಟೆಯೋ ಚೆಂಡೋ?

"ನ್ಯಾನೋ ಕಣದ ಫೋಟೋ" ಅಂತ ಹಾಕ್ತಾರಲ್ಲ, ಬಹಳಷ್ಟು ಸಲ ಅದು ಫೋಟೋ ಅಲ್ಲ ಮಾರಾಯ್ರೆ, ಎಲೆಕ್ಟ್ರಾನುಗಳು ಕಣವನ್ನು ಹಾದುಹೋಗಿ ಬೀಳಿಸಿದ ನೆರಳು! ಗೋಡೆ ಮೇಲಿನ ದುಂಡು ನೆರಳು ನೋಡಿ ಅದು ತಟ್ಟೆಯೋ ಚೆಂಡೋ ಅಂತ ಹೇಳೋಕಾಗತ್ತಾ?

ಅದಕ್ಕೇ ಕಣವನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತಾ ಹತ್ತಾರು ಚಿತ್ರ ತೆಗೆದು, ಸಿ.ಟಿ. ಸ್ಕ್ಯಾನಿನ ಹಾಗೆ ಲೆಕ್ಕ ಹಾಕಿ ಜೋಡಿಸುತ್ತಾರೆ. 2017ರಲ್ಲಿ ಅಮೆರಿಕದ ಜಿಯಾನ್ವೇ ಮಿಯಾವ್ ತಂಡ ಹೀಗೆ ಒಂದೇ ಒಂದು ಕಣದೊಳಗಿನ 6,569 ಕಬ್ಬಿಣದ, 16,627 ಪ್ಲಾಟಿನಂ ಪರಮಾಣುಗಳ ಜಾಗ ಗುರುತಿಸಿತು. ಅಬ್ಬಾ...

ನನ್ನ ತಕರಾರು ಬೇರೆ. ಕಣ ಕೂತ ಹಿಡಿಕೆ ಅಡ್ಡ ಬರೋದರಿಂದ ಸಾಮಾನ್ಯವಾಗಿ ಪೂರ್ತಿ ಓರೆ ಮಾಡೋಕಾಗಲ್ಲ. ಕಾಣದೇ ಉಳಿದ ಕೋನಗಳನ್ನು ಗಣಿತ ತುಂಬಿಸುತ್ತೆ. ತುಂಬಿಸಲಿ, ಬೇಡ ಅನ್ನಲ್ಲ. ಆದರೆ ಸುದ್ದಿಯ ಚಿತ್ರದ ಕೆಳಗೆ ‘ಇಷ್ಟು ಕಂಡಿದ್ದು, ಉಳಿದದ್ದು ಲೆಕ್ಕ’ ಅಂತ ಒಂದು ಸಾಲು ಬರೆದರೆ ಇವರ ಗಂಟೇನು ಹೋಗತ್ತೆ? (ಆ ಕೆಂಪು-ನೀಲಿ ಬಣ್ಣವೂ ಕಂಪ್ಯೂಟರು ಬಳಿದದ್ದೇ!)