ದಂಡವೋ, ಬಾಡಿಗೆಯೋ?



ಸಂಘದ ಔಷಧಿ ಹೊಡೆಯುವ ಪಂಪನ್ನು ತಡವಾಗಿ ಹಿಂದಿರುಗಿಸುವವರಿಗೆ ದಿನಕ್ಕೆ 100 ರೂ. ದಂಡ ಹಾಕಬೇಕೆಂಬ ಸಲಹೆ ಈ ಸಲದ ಮಹಾಸಭೆಯ ಮುಂದಿದೆ. ಸಲಹೆ ಕೊಟ್ಟವರ ಸಂಕಟ ನಿಜವಾದದ್ದು. ಆಷಾಢದ ಮಳೆ ಒಂದೆರಡು ದಿನ ಹೊಳವಾದಾಗ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗಕ್ಕೆ ಬಾಗಿಲು ತೆರೆದಿಟ್ಟಂತೆ. ಒಬ್ಬರು ಪಂಪನ್ನು ಒಂದು ದಿನ ಹೆಚ್ಚು ಇಟ್ಟುಕೊಂಡರೆ ನಷ್ಟ ಪಕ್ಕದ ತೋಟದವರಿಗೆ. ಆದರೂ ನಾನು ಈ ಸಲಹೆಯನ್ನು ಒಪ್ಪಲಾರೆ.

ಮನುಷ್ಯನ ನಿತ್ಯದ ನಡವಳಿಕೆಯನ್ನೂ ಲಾಭ-ನಷ್ಟದ ಲೆಕ್ಕದಿಂದ ವಿವರಿಸಬಹುದೆಂದು ತೋರಿಸಿದ ಅಮೆರಿಕದ ಗ್ಯಾರಿ ಬೆಕರ್ ಅವರಿಗೆ 1992ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ತಪ್ಪಿನ ಬೆಲೆ ಏರಿದರೆ ತಪ್ಪು ಇಳಿಯುತ್ತದೆ ಎಂಬುದು ಅವರ ವಾದ. ನಮ್ಮ ದಂಡದ ಸಲಹೆಯ ಹಿಂದಿರುವುದೂ ಇದೇ ಲೆಕ್ಕ.

ಈ ಲೆಕ್ಕವನ್ನು ಇಸ್ರೇಲಿನ ಹೈಫಾ ನಗರದಲ್ಲಿ ಪರೀಕ್ಷಿಸಿ, ಗ್ನೀಜಿ ಮತ್ತು ರುಸ್ಟಿಚಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ 10 ಶಿಶುವಿಹಾರಗಳ ಪೈಕಿ 6ರಲ್ಲಿ ದಂಡ ವಿಧಿಸಲಾಯಿತು: 10 ನಿಮಿಷ ಮೀರಿದರೆ 10 ಶೆಕೆಲ್. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಇಮ್ಮಡಿಯಾದರು! ಮೊದಲು, ಶಿಕ್ಷಕಿ ಕಾಯುತ್ತಿರುತ್ತಾರಲ್ಲ ಎಂಬ ಸಂಕೋಚವಿತ್ತು. ಈಗ ದುಡ್ಡು ಕೊಟ್ಟರೆ ಆಯಿತು. ದಂಡವು ಬಾಡಿಗೆಯಾಯಿತು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ.

ನಮ್ಮ ಮುಯ್ಯಾಳಿನ ಪದ್ಧತಿಯನ್ನೇ ನೋಡಿ. ಅಡಿಕೆ ಸುಲಿಯಲು ಬಂದ ನೆರೆಯವರಿಗೆ ಕೂಲಿ ಕೊಡುವುದಿಲ್ಲ. ಅವರ ಮನೆಗೆ ಹೋಗಿ ಸುಲಿದು ಋಣ ತೀರಿಸುತ್ತೇವೆ. ಇದೂ ಲೆಕ್ಕವೇ, ಆದರೆ ದುಡ್ಡಿನದಲ್ಲ. ಕೈಗೆ ನೋಟು ಕೊಟ್ಟ ದಿನ ಆ ಸಂಬಂಧ ಮುಗಿಯಿತು. ಮಾರನೆಯ ವರ್ಷ ಕರೆಯಲು ಬಾಯಿ ಬಾರದು.

ದಂಡವನ್ನು 1,000 ರೂ.ಗೆ ಏರಿಸಿದರೆ ಕೆಲಸವಾದೀತು ಎನ್ನುವವರಿದ್ದಾರೆ. ಆಗಬಹುದು. ಆದರೆ ಅರ್ಧ ಎಕರೆಯವರಿಗೆ ಅದು ಹೊರಲಾರದ ಹೊರೆ, ಹತ್ತು ಎಕರೆಯವರಿಗೆ ಅಗ್ಗದ ಬಾಡಿಗೆ.

ನನ್ನ ಸಲಹೆ ಇಷ್ಟೇ. ಸರದಿ ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸೋಣ. ಪಂಪನ್ನು ಮುಂದಿನವರ ಕೈಗೆ ನೇರವಾಗಿ ಒಪ್ಪಿಸಲಿ. ತಡಮಾಡಿದವರ ಸರದಿ ಎರಡನೆಯ ಸಿಂಪರಣೆಯಲ್ಲಿ ಕೊನೆಗೆ ಹೋಗಲಿ.

ಕಳೆದ ಮಳೆಗಾಲದಲ್ಲಿ ನಾನೇ ಒಂದು ದಿನ ತಡಮಾಡಿದೆ. ಪಂಪು ಒಯ್ಯಲು ಬಂದ ಪಕ್ಕದ ತೋಟದವರು ತಣಸಿನ ಬಳಿ ನಿಂತು ಒಂದು ಮಾತೂ ಆಡಲಿಲ್ಲ. ಇಂದಿಗೂ ಅದು ಮನಸ್ಸಿನಲ್ಲಿದೆ. ಅಂದು 100 ರೂ. ಕೊಟ್ಟಿದ್ದರೆ ಅಂದೇ ಮರೆಯುತ್ತಿದ್ದೆ.

— ಕಾರ್ಯದರ್ಶಿ