ಬಿಗಿಯದೆ ಉಳಿದ ಸ್ಕ್ರೂಗೆ ಜೈಲುಶಿಕ್ಷೆಯೇ?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಒಂದೇ ಎಂಜಿನ್ನಿನ, ಮೂರು ಟನ್ ವರ್ಗದ ಹಗುರ ಹೆಲಿಕಾಪ್ಟರ್ ಅಲ್ಲಿನ ಮೊದಲ ಕೆಲಸ. ಮುಂದೆ ದುರಸ್ತಿ, ನಿರ್ವಹಣೆಯೂ ಅಲ್ಲೇ ನಡೆಯಬೇಕೆಂಬುದು ಯೋಜನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳಿಂದ ಐಟಿಐ, ಡಿಪ್ಲೊಮಾಕ್ಕೆ ಹೋಗುವ ಮಕ್ಕಳಿಗೆ ಸ್ಪ್ಯಾನರ್ ಹಿಡಿಯುವ ಕೆಲಸ ಇನ್ನು ಟ್ರ್ಯಾಕ್ಟರ್, ಪಂಪ್‌ಸೆಟ್ಟಿಗೇ ಮುಗಿಯುವುದಿಲ್ಲ. ಹಾಗಾಗಿ ಈ ಪ್ರಶ್ನೆ ಈ ಸೀಮೆಗೂ ಬಂದಿದೆ: ನಿರ್ವಹಣೆಯ ತಪ್ಪಿನಿಂದ ಸಣ್ಣ ವಿಮಾನವೋ ಹೆಲಿಕಾಪ್ಟರೋ ಬಿದ್ದು ಜೀವ ಹೋದರೆ, ಕೆಲಸ ಮಾಡಿದ ತಂತ್ರಜ್ಞನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಬೇಕೇ?

ಪರ: ಸಹಿ ಹಾಕಿದವರು ಉತ್ತರ ಕೊಡಲೇಬೇಕು

ತೆಂಗಿನ ಮರ ಹತ್ತುವವನು ಕಾಲಿಗೆ ಹಾಕುವ ಹಗ್ಗವನ್ನು ಪ್ರತಿ ಸಲವೂ ಎಳೆದು ನೋಡುತ್ತಾನೆ. ಎಳೆ ಸವೆದಿದ್ದರೆ ಬೀಳುವವನು ಅವನೇ. ವಿಮಾನದ ಕತೆ ಹಾಗಲ್ಲ. ಹಗ್ಗ ಕಟ್ಟುವವನೊಬ್ಬ, ಮರ ಹತ್ತುವವನು ಇನ್ನೊಬ್ಬ. ಕಟ್ಟುವವನಿಗೆ ಇಲ್ಲದ ಆ ಜೀವಭಯದ ಜಾಗದಲ್ಲಿ ಕಾನೂನಿನ ಭಯವಾದರೂ ಇರಬೇಕು.

ಅಮೆರಿಕದ ಷಾರ್ಲಟ್‌ನಲ್ಲಿ 2003ರ ಜನವರಿ 8ರಂದು 19 ಆಸನಗಳ ಬೀಚ್‌ಕ್ರಾಫ್ಟ್ 1900 ವಿಮಾನ ನೆಲ ಬಿಟ್ಟ ಕೂಡಲೇ ಮೂತಿ ಎತ್ತಿಕೊಂಡು ಹೋಯಿತು. ತಗ್ಗಿಸಲು ಪೈಲಟ್‌ಗಳಿಂದ ಆಗಲಿಲ್ಲ. ಒಳಗಿದ್ದ 21 ಮಂದಿಯೂ ಸತ್ತರು. ಬಾಲದ ಎಲಿವೇಟರ್ ಆಡಿಸುವ ಕೇಬಲ್‌ನ ಬಿಗಿತವನ್ನು ಎರಡು ದಿನ ಹಿಂದಷ್ಟೇ ಸರಿಪಡಿಸಿದ್ದರು. ಕೈಪಿಡಿಯಲ್ಲಿದ್ದ ಹಲವು ಹಂತಗಳನ್ನು ಹಾರಿಸಿದ್ದರು. ಕೈಪಿಡಿ ಎದುರಿಗಿದ್ದೂ ಬಿಟ್ಟದ್ದನ್ನು ಮರೆವು ಎನ್ನಲಾಗದು.

ನಮ್ಮಲ್ಲೂ ಎಚ್ಚರಿಕೆಯ ಗಂಟೆ ಬಾರಿಸಿದೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಅದೇ ತರಬೇತಿ ಸಂಸ್ಥೆಯ ಇನ್ನೆರಡು ವಿಮಾನಗಳು ಅಕ್ಟೋಬರ್‌ನಲ್ಲಿ ಬಾರಾಮತಿ ಬಳಿ ಕೆಳಗಿಳಿದ ಮೇಲೆ, ನಿರ್ವಹಣೆಯ ಲೋಪವನ್ನು ಮುಂದಿಟ್ಟು ವಿಮಾನಯಾನ ನಿಯಂತ್ರಕ ಡಿಜಿಸಿಎ ಅಲ್ಲಿನ ತರಬೇತಿಯನ್ನೇ ನಿಲ್ಲಿಸಿತು. ಹೀಗೆ ಹಾರುವವರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನ ಮಕ್ಕಳು.

ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಐದು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ಲಾರಿ ಚಾಲಕನಿಗೆ ಅನ್ವಯಿಸುವ ಕಾನೂನು ವಿಮಾನ ತಂತ್ರಜ್ಞನಿಗೆ ಬೇಡ ಎನ್ನಲು ನ್ಯಾಯವೆಲ್ಲಿದೆ?

ವಿರೋಧ: ಬಾಯಿ ಮುಚ್ಚಿಸುವ ಶಿಕ್ಷೆ ಬೇಡ

ಅಟ್ಟದ ಮೇಲಿಟ್ಟ ತೆಂಗಿನಕಾಯಿ ಒಳಗೇ ಕೆಟ್ಟಿದೆ ಎಂಬುದು ಒಡೆದಾಗಲೇ ತಿಳಿಯುವುದು. ವಿಮಾನದ ತಪ್ಪುಗಳೂ ಅಂಥವೇ. 1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನ ಈಗಲ್ ಲೇಕ್ ಬಳಿ ಎಂಬ್ರೇಯರ್ 120 ವಿಮಾನದ ಬಾಲದ ಭಾಗವೊಂದು ಆಕಾಶದಲ್ಲೇ ಕಿತ್ತುಹೋಗಿ 14 ಮಂದಿ ಸತ್ತರು. ಹಿಂದಿನ ರಾತ್ರಿ ಬಿಚ್ಚಿದ್ದ 47 ಸ್ಕ್ರೂಗಳನ್ನು ಮತ್ತೆ ಹಾಕಿರಲಿಲ್ಲ. ಒಂದು ಪಾಳಿ ಬಿಚ್ಚಿತು, ಮುಂದಿನ ಪಾಳಿಗೆ ಆ ಮಾತು ಮುಟ್ಟಲಿಲ್ಲ. ಜಾಗ ಬಾಲದ ಮೇಲ್ಮೈಯಲ್ಲಿದ್ದುದರಿಂದ ಕೆಳಗೆ ನಿಂತು ನೋಡಿದ ಪೈಲಟ್‌ಗಳ ಕಣ್ಣಿಗೂ ಬೀಳಲಿಲ್ಲ. ಅಂಥದ್ದನ್ನು ಹೊರಗೆ ತರಬಲ್ಲದ್ದು ಕೆಲಸ ಮಾಡಿದವರ ಬಾಯಿ ಮಾತ್ರ. ಜೈಲಿನ ಭಯ ಮೊದಲು ಮುಚ್ಚಿಸುವುದು ಆ ಬಾಯನ್ನೇ.

ಷಾರ್ಲಟ್‌ನ ಇನ್ನೊಂದು ಮುಖವನ್ನೂ ನೋಡಬೇಕು. ಆ ತಂತ್ರಜ್ಞ ಆ ಕೆಲಸಕ್ಕೆ ಕೈಹಾಕಿದ್ದೇ ಮೊದಲ ಸಲ. ಅವನಿಗೆ ಕಲಿಸುತ್ತಿದ್ದವರೇ ಕೆಲಸವನ್ನು ಪರೀಕ್ಷಿಸಿ ಸಹಿ ಹಾಕಿದರು. ನಿರ್ವಹಣೆ ಗುತ್ತಿಗೆಗೆ, ಅಲ್ಲಿಂದ ಉಪಗುತ್ತಿಗೆಗೆ ಹೋಗಿತ್ತು. ಸಾಲದ್ದಕ್ಕೆ, ಪ್ರಯಾಣಿಕರ ತೂಕವನ್ನು ಹಳೆಯ ಸರಾಸರಿಯಲ್ಲಿ ಲೆಕ್ಕ ಹಾಕಿದ್ದರಿಂದ ವಿಮಾನದ ಭಾರವೂ ಮಿತಿ ಮೀರಿತ್ತು. ಸ್ಪ್ಯಾನರ್ ಹಿಡಿದವನೊಬ್ಬನನ್ನು ಕಟಕಟೆಗೆ ನಿಲ್ಲಿಸಿದರೆ ಇವರೆಲ್ಲ ತಪ್ಪಿಸಿಕೊಳ್ಳುತ್ತಾರೆ.

ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ವ್ಯವಸ್ಥೆಯೊಂದಿದೆ. ಪೈಲಟ್‌ಗಳು, ತಂತ್ರಜ್ಞರು ತಮ್ಮ ತಪ್ಪನ್ನು ಬರೆದು ಕಳಿಸಬಹುದು. ಹೆಸರು ಅಳಿಸಿ, ಪಾಠವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಅಪಘಾತ ತನಿಖೆಯ ಏಕೈಕ ಗುರಿ ಮುಂದಿನ ಅಪಘಾತ ತಡೆಯುವುದು, ದೂಷಿಸುವುದಲ್ಲ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧವೇ ಹೇಳುತ್ತದೆ. ವೈದ್ಯರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ, ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ಸ್ವತಂತ್ರ ತಜ್ಞರ ಅಭಿಪ್ರಾಯವಿಲ್ಲದೆ ಮೊಕದ್ದಮೆಗೆ ಮುಂದಾಗಬಾರದು ಎಂದಿದೆ. ವಿಮಾನ ತಂತ್ರಜ್ಞರಿಗೂ ಅಂಥ ಬೇಲಿ ಬೇಕು. ಮಾಡದ ಕೆಲಸಕ್ಕೆ ಸಹಿ ಹಾಕಿದವನಿಗೆ, ಕುಡಿದು ಕೆಲಸಕ್ಕೆ ಬಂದವನಿಗೆ ಅದು ಆಸರೆಯಾಗಬೇಕಿಲ್ಲ.

ರಾತ್ರಿ ಪಾಳಿ ಮುಗಿಸಿ ಬಂದು ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ಚಿಕ್ಕನಾಯಕನಹಳ್ಳಿಯ ಬಸ್ಸಿಗೆ ಕಾಯುತ್ತಿರುವ ಹುಡುಗನನ್ನು ನೆನೆಯಿರಿ. ನಟ್ಟು ಬಿಗಿದದ್ದು ನೆನಪಿದೆ, ಅದಕ್ಕೆ ಸ್ಪ್ಲಿಟ್ ಪಿನ್ ಹಾಕಿದೆನೋ ಇಲ್ಲವೋ ಎಂಬುದು ನೆನಪಾಗುತ್ತಿಲ್ಲ. ಜೇಬಿನಲ್ಲಿ ಫೋನಿದೆ. ಹೆಲಿಕಾಪ್ಟರ್ ಹಾರುವುದು ಎಂಟು ಗಂಟೆಗೆ. ಅವನು ಈಗಲೇ ಕರೆ ಮಾಡಬೇಕು, ಮಾಡಲು ಹೆದರಬಾರದು.